ಆಷಾಢದಲ್ಲಿ ಬರೆದ ಒಂದು ಸಾಲು

ಈ ವರ್ಷದ ಆಷಾಢದಲ್ಲಿ ನಾನು ಯಾವ ಮನೆಯಲ್ಲಿದ್ದರೂ ಕೇಳುವವರಿಲ್ಲ. ನಮ್ಮ ಯಜಮಾನರು ಮಾಘ ಮಾಸದಲ್ಲಿ ತೀರಿಕೊಂಡರು. ಮಾಲೂರಿನ ಮನೆಗೆ ಬೀಗ ಹಾಕಿ, ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ಮೊನ್ನೆ ತವರಿಗೆ ಬಂದೆ. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ರಸ್ತೆಯಲ್ಲಿ ಬಸ್ಸು ಇಳಿದು ಒಂದೂವರೆ ಮೈಲಿ ಒಳಗೆ ನಡೆದರೆ ನಮ್ಮೂರು. ಈಗ ಆಟೋ ಸಿಗುತ್ತದೆ. ಆದರೂ ನಡೆದೇ ಬಂದೆ, ಬೇಗ ತಲುಪಿ ಮಾಡಬೇಕಾದ್ದು ಏನೂ ಇರಲಿಲ್ಲ.

ನಮ್ಮ ತೋಟದ ಶೆಡ್ಡು ಊರಿಗಿಂತ ಮೊದಲೇ ಸಿಗುತ್ತದೆ. ಅಲ್ಲಿ ಹುಲ್ಲಿನ ಮೇಲೆ ತೋತಾಪುರಿ ಕಾಯಿ ಹರಡಿದ್ದರು. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಅದು ಹಣ್ಣಿನ ವಾಸನೆಯಲ್ಲ, ಕಾಯಿಯ ವಾಸನೆ. ತೊಟ್ಟಿನಿಂದ ಸೋರಿದ ಸೊನೆ ಒಣಗುವಾಗ ಬರುತ್ತದಲ್ಲ, ಸೀಮೆಎಣ್ಣೆಗೆ ಹತ್ತಿರದ ಒಂದು ಒಗರು ವಾಸನೆ, ಅದು. ಶೆಡ್ಡಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಕಾಯಿ ಆರಿಸುತ್ತಿದ್ದ ಹೆಂಗಸರು ಬಿಸಿಲಿಗೆ ತಲೆ ಸುತ್ತಿರಬೇಕೆಂದು ನೀರು ಕೊಟ್ಟರು. ಕುಡಿದೆ. ಅದು ಬಿಸಿಲಲ್ಲ ಎಂದು ಅವರಿಗೆ ಹೇಳಲಿಲ್ಲ.

ನನ್ನ ಮದುವೆಯಾದ ವರ್ಷದ ಆಷಾಢವನ್ನು ನಾನು ಇದೇ ಶೆಡ್ಡಿನಲ್ಲಿ ಕಳೆದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿ ಪಾಸಾಗಿ ಮೂರು ವರ್ಷ ಮನೆಯಲ್ಲಿದ್ದೆ. ವೈಶಾಖದಲ್ಲಿ ಕೋಲಾರದ ಹತ್ತಿರ ಹುತ್ತೂರಿನ ಕಡೆಯ ಒಂದು ಮನೆಗೆ ನನ್ನನ್ನು ಕೊಟ್ಟರು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮನೆ. ಮಾವನವರು ಇರಲಿಲ್ಲ. ಅತ್ತೆ, ಭಾವನವರು, ಓರಗಿತ್ತಿ, ಒಬ್ಬರು ಮುದಿ ಅಜ್ಜಿ. ಕೊನೆಯ ಮಗನೇ ನಮ್ಮ ಯಜಮಾನರು, ಬೆಂಗಳೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದಿ, ಕೊನೆಯ ಪರೀಕ್ಷೆ ಬರೆದು ಬಂದ ಹದಿನೈದನೇ ದಿನಕ್ಕೆ ನನಗೆ ತಾಳಿ ಕಟ್ಟಿದರು. ಅಜ್ಜಿಗೆ ಮದುವೆ ನೋಡುವ ಆಸೆಯಿತ್ತು, ಅಷ್ಟೇ ಅವಸರಕ್ಕೆ ಕಾರಣ.

ಒಂದು ತಿಂಗಳು ಒಟ್ಟಿಗೆ ಇದ್ದೆವು. ಒಟ್ಟಿಗೆ ಎಂದರೆ, ಹುಳುವಿನ ತಟ್ಟೆಗಳು ಮನೆಯ ಮುಕ್ಕಾಲು ಭಾಗ ತುಂಬಿದ್ದವು, ಉಳಿದ ಜಾಗದಲ್ಲಿ ನಾವೆಲ್ಲ ಇದ್ದೆವು. ಅವರು ನನ್ನ ಜೊತೆ ಮಾತಾಡಿದ್ದು ಹೆಚ್ಚಾಗಿ ಸೊಪ್ಪು ಕೊಯ್ಯುವಾಗ. ಕೊಯ್ಯುತ್ತಾ ಕೊಯ್ಯುತ್ತಾ ಏನಾದರೂ ಕೇಳೋರು. ನಿಮ್ಮೂರ ಕೆರೆಗೆ ನೀರು ಎಲ್ಲಿಂದ ಬರುತ್ತೆ, ನಿನಗೆ ಲೆಕ್ಕ ಇಷ್ಟವಾ, ಆ ಬೆರಳಿನ ಮೇಲೆ ಕಲೆ ಏನು. ಅದು ಮಾವಿನ ಸೊನೆ ಬಿದ್ದು ಸುಟ್ಟ ಕಲೆ. ನನ್ನನ್ನು ಅಷ್ಟು ಪ್ರಶ್ನೆ ಕೇಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ನನಗೆ ಅದು ಅಭ್ಯಾಸವಾಗುತ್ತಾ ಬರುವ ಹೊತ್ತಿಗೆ ಆಷಾಢ ಬಂತು.

ನಮ್ಮ ಕಡೆ ಮದುವೆಯಾದ ಮೊದಲ ಆಷಾಢದಲ್ಲಿ ಹೆಣ್ಣು ತವರಿಗೆ ಹೋಗಬೇಕು. ಅತ್ತೆ ಸೊಸೆ ಒಂದು ಹೊಸಿಲು ದಾಟಬಾರದು. ಗಂಡನೂ ಹೆಂಡತಿಯ ತವರಿನ ಹೊಸಿಲು ದಾಟಬಾರದು. ತಿಂಗಳು ಮುಗಿಯುವವರೆಗೆ ಒಬ್ಬರ ಮುಖ ಒಬ್ಬರು ನೋಡದಿರುವುದೇ ಒಳ್ಳೆಯದು ಅನ್ನೋರು. ಅಣ್ಣ ಬಂದು ನನ್ನನ್ನು ಕರೆದುಕೊಂಡು ಬಂದ. ಬಸ್ಸಿನಲ್ಲಿ ಕೂತಾಗ ಮನೆಗೆ ಹೋಗುತ್ತಿದ್ದೇನೆ ಎಂದು ಖುಷಿಯಾಗಿದ್ದೆ. ಬಂದು ನೋಡಿದರೆ ನಾನು ಮಲಗುತ್ತಿದ್ದ ಮೂಲೆಯಲ್ಲಿ ರಾಗಿ ಮೂಟೆ ಪೇರಿಸಿದ್ದರು. ಅಮ್ಮ, "ಇವತ್ತೊಂದಿನ ನಡುಮನೇಲಿ ಮಲಕ್ಕೋ, ನಾಳೆ ತೆಗೆಸ್ತೀನಿ" ಅಂದರು. ತೆಗೆಸಲಿಲ್ಲ. ತೆಗೆಸು ಎಂದು ನಾನೂ ಕೇಳಲಿಲ್ಲ. ಒಂದು ತಿಂಗಳಿಗೆ ಬಂದವಳು.

ಆ ಆಷಾಢದಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಬೆಳಿಗ್ಗೆ ಶುರುವಾದರೆ ದೀಪ ಹಚ್ಚುವವರೆಗೂ ಒಂದೇ ಸಮ. ನಾಲ್ಕು ಹನಿ ಬೀಳುತ್ತಿತ್ತು, ಗಾಳಿ ಅದನ್ನೂ ಹೊತ್ತುಕೊಂಡು ಹೋಗುತ್ತಿತ್ತು. ಮಾವಿನ ಸುಗ್ಗಿಯ ಕೊನೆ. ಬಾದಾಮಿ, ರಸಪುರಿ ಮುಗಿದು ತೋತಾಪುರಿ ಮಾತ್ರ ಉಳಿದಿತ್ತು. ಗಂಡಸರು ದೋಟಿಯಲ್ಲಿ ಕಾಯಿ ಇಳಿಸಿ ತರುತ್ತಿದ್ದರು. ನಾವು ಹೆಂಗಸರು ಶೆಡ್ಡಿನಲ್ಲಿ ಕೂತು, ತೊಟ್ಟು ಮುರಿದು, ಸೊನೆ ಸೋರಲು ಬೋರಲು ಹಾಕಿ, ದಪ್ಪದ್ದು ಸಣ್ಣದ್ದು ಬೇರೆ ಮಾಡುತ್ತಿದ್ದೆವು. ಕೈ ಕೆಲಸ ಮಾಡುತ್ತಿತ್ತು. ತಲೆಯಲ್ಲಿ ಮಾತ್ರ, ಈಗ ಅಲ್ಲಿ ಹುಳುವಿಗೆ ಎರಡನೇ ಸಲದ ಸೊಪ್ಪು ಹಾಕುವ ಹೊತ್ತು, ಅವರು ಯಾರನ್ನ ಏನು ಕೇಳುತ್ತಿರಬಹುದು ಎಂದು ಬರುತ್ತಿತ್ತು. ಸುತ್ತ ಹತ್ತು ಜನ ಹೆಂಗಸರು ನಗುತ್ತಿದ್ದರು. ನನಗೆ ಮಾತ್ರ ಯಾರೂ ಇಲ್ಲ ಅನ್ನಿಸುತ್ತಿತ್ತು.

ಅತ್ತಿಗೆಗೆ ಅದು ಗೊತ್ತಾಗುತ್ತಿತ್ತು. ಅತ್ತಿಗೆ ಎಂದರೆ ಅಣ್ಣನ ಹೆಂಡತಿ, ಗಡಿಯಾಚೆ ಮದನಪಲ್ಲಿ ಕಡೆಯವರು. ಕನ್ನಡ ಆಡಿದರೂ ರಾಗ ತೆಲುಗಿನದೇ. "ಏಮಮ್ಮಾ, ಆ ಕಾಯಿ ಏನು ಪಾಪ ಮಾಡ್ತು, ಮೂರು ಸಾರಿ ತಿರುಗಿಸಿ ನೋಡ್ತಿದ್ದೀಯ? ಅದರಲ್ಲಿ ನಿನ್ನ ಇಂಜಿನಿಯರ್ ಮುಖ ಕಾಣ್ತದಾ?" ಅನ್ನೋರು. ಹೆಂಗಸರೆಲ್ಲ ನಗೋರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅವರು ಹಾಗೆ ಅನ್ನದ ದಿನ ಇನ್ನೂ ಬೇಜಾರಾಗುತ್ತಿತ್ತು.

ಎರಡನೇ ವಾರದಲ್ಲಿ ಅವರಿಂದ ಒಂದು ಕಾಗದ ಬಂತು. ನಮ್ಮ ಮನೆಯಲ್ಲಿ ಕಾಗದ ಯಾರ ಹೆಸರಿಗೆ ಬಂದರೂ ಓದುತ್ತಿದ್ದದ್ದು ಅಪ್ಪ. ಜಗಲಿಯ ಮೇಲೆ ಕೂತು, ಕನ್ನಡಕ ಹಾಕಿ, ಎಲ್ಲರನ್ನೂ ಕರೆದು ಗಟ್ಟಿಯಾಗಿ ಓದೋರು. ಅದರಲ್ಲಿ ಮುಚ್ಚುಮರೆ ಏನೂ ಇರುತ್ತಿರಲಿಲ್ಲ, ಇರಬೇಕು ಎಂದು ಯಾರಿಗೂ ಹೊಳೆಯುತ್ತಲೂ ಇರಲಿಲ್ಲ. ಅಪ್ಪ ಓದಿದರು: ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದೆ. ಬೆಂಗಳೂರಿನ ಒಂದು ಕಾರ್ಖಾನೆಯಿಂದ ಕೆಲಸದ ಆರ್ಡರು ಬಂದಿದೆ. ಮದರಾಸಿನ ದೊಡ್ಡ ಕಾಲೇಜಿನಲ್ಲಿ ಎಂ.ಇ. ಓದಲು ಸೀಟೂ ಬಂದಿದೆ. ಇನ್ನೂ ಏನೂ ನಿಶ್ಚಯ ಮಾಡಿಲ್ಲ. ಶನಿವಾರ ಮುಳಬಾಗಿಲಿಗೆ ಒಂದು ಕೆಲಸದ ಮೇಲೆ ಬರುತ್ತೇನೆ, ಹನ್ನೊಂದಕ್ಕೆ ಬಸ್ಸು ಇಳಿಯುತ್ತೇನೆ.

"ಮುಳಬಾಗಿಲಲ್ಲಿ ಅಳಿಯಂದ್ರಿಗೆ ಎಂಥಾ ಕೆಲಸ?" ಎಂದರು ಅಪ್ಪ.

"ಇಂಜಿನಿಯರಿಗೆ ಎಲ್ಲಾ ಕಡೇನೂ ಕೆಲಸ ಇರ್ತದೆ" ಎಂದರು ಅಮ್ಮ.

ಅತ್ತಿಗೆ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಒಳಗೆ ಹೋದರು. ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಏನೂ ಗೊತ್ತಿಲ್ಲದವರ ಹಾಗೆ ಶುರು ಮಾಡಿದರು. "ಮಾವ, ಮುಳಬಾಗಿಲ ಆಂಜನೇಯಸ್ವಾಮಿಗೆ ನಂದೊಂದು ಹರಕೆ ಇದೆ. ಶನಿವಾರ ಹೋಗಿ ಬಂದುಬಿಡ್ತೀನಿ. ಜೊತೆಗೆ ಸರೋಜ ಬರ್ಲಿ."

"ಎಂಥಾ ಹರಕೆ? ನಂಗೆ ಗೊತ್ತಿಲ್ಲದ್ದು?" ಎಂದರು ಅಮ್ಮ.

"ಹಲ್ಲು ನೋವು ಬಂದಿತ್ತಲ್ಲ ಅತ್ತೆ, ಆವಾಗ ಕಟ್ಟಿಕೊಂಡಿದ್ದೆ."

"ಹಲ್ಲು ನೋವಿಗೆ ಆಂಜನೇಯನಾ?"

"ಮತ್ತೆ? ಅಷ್ಟು ದೊಡ್ಡ ದವಡೆ ಇರೋ ದೇವರು ಇನ್ನೊಬ್ಬನು ಯಾರಿದ್ದಾನೆ?"

ಅಪ್ಪ ನಕ್ಕುಬಿಟ್ಟರು. ಹೋಗಿ ಬನ್ನಿ ಎಂದರು. ಅಮ್ಮ ನನ್ನನ್ನು ಒಂದು ಸಲ ನೋಡಿದರು. ಶನಿವಾರ ಬಸ್ಸಿನಲ್ಲಿ ನನಗೆ ಹೆದರಿಕೆಯಾಯಿತು. ಆಷಾಢದಲ್ಲಿ ನೋಡಿದರೆ ಏನಾದರೂ ಆಗಿಬಿಟ್ಟರೆ ಎಂದೆ. ಅತ್ತಿಗೆ, "ಬಸ್ ಸ್ಟ್ಯಾಂಡಿಗೆ ಎಲ್ಲಮ್ಮಾ ಹೊಸಿಲು? ಅಲ್ಲಿ ದಾಟೋದಕ್ಕೆ ಏನೂ ಇಲ್ಲ, ಸುಮ್ನಿರು" ಅಂದರು.

ಅವರು ಹುತ್ತೂರಿನಿಂದ ಕೋಲಾರಕ್ಕೆ ಒಂದು ಬಸ್ಸು, ಕೋಲಾರದಿಂದ ಮುಳಬಾಗಿಲಿಗೆ ಇನ್ನೊಂದು ಬಸ್ಸು ಹಿಡಿದು ಬಂದಿದ್ದರು. ತಲೆಗೂದಲೆಲ್ಲ ಧೂಳು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತೆವು. ಅತ್ತಿಗೆ ಎರಡು ಮೇಜು ಆಚೆ ನಮಗೆ ಬೆನ್ನು ಹಾಕಿ ಕೂತು ಒಂದು ದೋಸೆಯನ್ನು ನಲವತ್ತು ನಿಮಿಷ ತಿಂದರು. ನಾನು ಹೆಚ್ಚು ಹೊತ್ತು ಮೇಜನ್ನೇ ನೋಡುತ್ತಿದ್ದೆ.

ಅವರು ಜೇಬಿನಿಂದ ಎರಡು ಟೈಪು ಮಾಡಿದ ಕಾಗದ ತೆಗೆದು ನನ್ನ ಮುಂದಿಟ್ಟರು. ನನಗೆ ಓದಲು ಬರದ ಇಂಗ್ಲಿಷು. ಒಂದರ ಮೇಲೆ ಬೆರಳಿಟ್ಟು, "ಇದು ಕಾರ್ಖಾನೆ. ಮಾಲೂರಲ್ಲಿ ರೂಮು ಮಾಡಿದ್ರೆ ದಿನಾ ರೈಲಲ್ಲಿ ಹೋಗಿ ಬರಬಹುದು. ಶ್ರಾವಣಕ್ಕೇ ನಿನ್ನ ಕರ್ಕೊಂಡು ಹೋಗ್ತೀನಿ" ಎಂದರು. ಇನ್ನೊಂದರ ಮೇಲೆ ಬೆರಳಿಟ್ಟು, "ಇದು ಮದರಾಸು. ಎರಡು ವರ್ಷ. ಹಾಸ್ಟೆಲ್ಲು. ಹೆಂಡ್ತಿನ ಕರ್ಕೊಂಡು ಹೋಗೋ ಹಾಗಿಲ್ಲ. ನೀನು ನಮ್ಮಮ್ಮನ ಜೊತೆ ಇರಬೇಕಾಗತ್ತೆ, ಇಲ್ಲಾ ಇಲ್ಲಿ. ವರ್ಷಕ್ಕೆ ಎರಡು ಸಲ ಬರಬಹುದು" ಎಂದರು.

"ಅಲ್ಲಿ ಏನು ಓದ್ತೀರಿ?" ಎಂದು ಕೇಳಿದೆ. ಏನಾದರೂ ಕೇಳಬೇಕಲ್ಲ ಎಂದು ಕೇಳಿದ್ದು. ಆದರೆ ಆ ಮುಖ ಹೇಗಾಯಿತು ಎಂದು ಈಗಲೂ ಕಣ್ಣ ಮುಂದಿದೆ. ಟೀ ಲೋಟ ಎತ್ತಿ ಹಿಡಿದರು. "ನೋಡು, ಗಾಜಿನ ಲೋಟಕ್ಕೆ ಬಿಸಿ ಟೀ ಹಾಕಿದ್ರೆ ಒಂದೊಂದು ಲೋಟ ಸೀಳತ್ತಲ್ಲ. ಎಲ್ಲಾ ಲೋಟ ಸೀಳಲ್ಲ. ಯಾಕೆ?"

"ಒಳಗೆ ಒಂದು ಚಮಚ ಹಾಕಿಟ್ರೆ ಸೀಳಲ್ಲ" ಎಂದೆ.

ಅವರು ಜೋರಾಗಿ ನಕ್ಕರು. ಹೋಟೆಲಿನವರೆಲ್ಲ ತಿರುಗಿ ನೋಡಿದರು, ಅತ್ತಿಗೆ ಮಾತ್ರ ತಿರುಗಲಿಲ್ಲ. "ಅದೇ ಕಣೇ, ಅದನ್ನೇ ಎರಡು ವರ್ಷ ಓದೋದು. ಬಿಸಿಗೆ, ಭಾರಕ್ಕೆ ಲೋಹ ಎಲ್ಲಿ ಬಿರುಕು ಬಿಡತ್ತೆ, ಯಾಕೆ ಬಿಡತ್ತೆ. ನಮ್ಮ ಪಂಪುಸೆಟ್ಟಿನ ಶಾಫ್ಟು ಮುರೀತಲ್ಲ ಹೋದ ವರ್ಷ, ಅದು ಮುರಿಯೋಕೆ ಎಷ್ಟೋ ದಿನ ಮುಂಚೇನೇ ಒಳಗೆ ಕೂದಲಿನಷ್ಟು ಬಿರುಕು ಇದ್ದಿರತ್ತೆ. ಅದನ್ನ ಮೊದಲೇ ಕಂಡುಹಿಡಿಯೋಕೆ ಆಗತ್ತಾ ಅಂತ." ಆಮೇಲೆ ಲೋಟ ಕೆಳಗಿಟ್ಟು, "ಕಾರ್ಖಾನೇಲಿ ಅದನ್ನ ಮಾಡೋಕೆ ಬಿಡಲ್ಲ. ಅಲ್ಲಿ ಮುರಿದ ಮೇಲೆ ಬದಲಾಯಿಸೋದು" ಎಂದರು.

ಕಾಗದಗಳನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಅಮ್ಮ ಕೆಲಸ ಅಂತಾರೆ. ಅಣ್ಣ ಕೆಲಸ ಅಂತಾನೆ. ಅಜ್ಜಿಗೆ ಮದರಾಸು ಅಂದ್ರೆ ಸಮುದ್ರದ ಆಚೆ ಅಂತ ಲೆಕ್ಕ. ನಮ್ಮ ಪ್ರೊಫೆಸರು ಒಬ್ಬರು ಓದು ಅಂತಾರೆ, ಅವರು ನಮ್ಮ ಮನೆಯವರಲ್ಲ. ಎಲ್ಲಾರೂ ಒಂದು ಕಡೆ ನಿಂತವ್ರೆ ಸರೋಜ. ಇನ್ನೊಂದು ಕಡೆ ನಿಂತುಕೊಳ್ಳೋಕೆ ನಂಗೆ ಒಬ್ಬರು ಸಾಕು. ಕಾಯಬೇಕಾದವಳು ನೀನು. ಅದಕ್ಕೇ ನಿನ್ನ ಕೇಳ್ತಿದ್ದೀನಿ. ಕೆಲಸ ಅಂತೀಯಾ, ಸಂತೋಷವಾಗಿ ಸೇರ್ತೀನಿ. ಆದ್ರೆ ಅದನ್ನ ನೀನು ಹೇಳಬೇಕು."

"ನೀವು ಹೇಗೆ ಹೇಳಿದ್ರೆ ಹಾಗೆ" ಎಂದೆ.

ಅವರ ಮುಖ ಸಪ್ಪಗಾಯಿತು. "ಇದನ್ನ ಕೇಳೋಕೆ ಎರಡು ಬಸ್ಸು ಹತ್ತಿ ಬಂದೆನಾ?" ಎಂದರು. ಬೈದದ್ದಲ್ಲ, ಮೆಲ್ಲಗೆ ಅಂದದ್ದು. ಆಮೇಲೆ ಒಂದು ಖಾಲಿ ಇನ್‌ಲ್ಯಾಂಡ್ ಕಾಗದ ಕೊಟ್ಟರು, ಮಡಚಿ ಅಂಚು ಅಂಟಿಸಿದರೆ ಅದೇ ಲಕೋಟೆ. ಮೇಲೆ ತಮ್ಮ ವಿಳಾಸವನ್ನು ತಾವೇ ಬರೆದುಕೊಂಡು ಬಂದಿದ್ದರು. "ಬಾಯಲ್ಲಿ ಆಗದಿದ್ರೆ ಬರಿ. ಒಂದೇ ಸಾಲು ಸಾಕು. ಬರೋ ಶನಿವಾರದೊಳಗೆ ಸಿಗಬೇಕು, ಸೋಮವಾರ ಎರಡು ಕಡೆಗೂ ಉತ್ತರ ಹಾಕಬೇಕು." ನಮ್ಮ ಬಸ್ಸು ಬಂತು. ಅತ್ತಿಗೆ ಕೈ ತೊಳೆದುಕೊಂಡು ಬಂದು, "ದೋಸೆ ಚೆನ್ನಾಗಿರಲಿಲ್ಲ" ಎಂದರು. ಹರಕೆ ನೆನಪಾದದ್ದು ಮುಳಬಾಗಿಲು ಬಿಟ್ಟು ಎರಡು ಮೈಲಿ ಬಂದ ಮೇಲೆ.

ನನಗೆ ಏನು ಬೇಕಿತ್ತು ಎನ್ನುವುದನ್ನು ಇಲ್ಲಿ ಸರಿಯಾಗಿ ಬರೆಯಬೇಕು. ನನಗೆ ಅವರು ಬೇಕಿತ್ತು. ಮಾಲೂರಿನ ರೂಮು ಬೇಕಿತ್ತು. ಹುಳುವಿನ ತಟ್ಟೆಗಳ ನಡುವೆ, ಪ್ರಶ್ನೆ ಕೇಳುವವರಿಲ್ಲದೆ, ಎರಡು ವರ್ಷ ಹೇಗೆ ಕಳೆಯಲಿ ಎಂದು ಗೊತ್ತಾಗುತ್ತಿರಲಿಲ್ಲ. ಆದರೆ ಲೋಟ ಎತ್ತಿ ಹಿಡಿದಾಗ ಅವರ ಮುಖ ನೋಡಿದ್ದೆ. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಶೆಡ್ಡಿನಲ್ಲಿ ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ಮೇಲಿಟ್ಟು ಬರೆದೆ. "ನೀವು ಓದಲು ಹೋಗಿ, ನಾನು ಕಾಯುತ್ತೇನೆ." ಅಷ್ಟೇ. ಬರೆದ ಮೇಲೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಅನ್ನದ ಅಗುಳು ಮೆತ್ತಿ ಒಂದು ಮಡಿಕೆ ಅಂಟಿಸಿದೆ. ಇನ್ನೊಂದು ಮಡಿಕೆಗೆ ಅಗುಳು ಸಾಲಲಿಲ್ಲ. ಹಾಗೇ ತಂದು ನಡುಮನೆಯ ಗೂಡಿನಲ್ಲಿಟ್ಟೆ. ಹೊರಗೆ ಹೋಗಬೇಕಾದ ಕಾಗದಗಳನ್ನು ಎಲ್ಲರೂ ಅಲ್ಲೇ ಇಡುತ್ತಿದ್ದರು. ಅಪ್ಪ ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋಗುವಾಗ ತೆಗೆದುಕೊಂಡು ಹೋಗಿ ಅಂಚೆ ಡಬ್ಬಿಗೆ ಹಾಕೋರು.

ಅಡುಗೆಮನೆಯಲ್ಲಿ ಬೇಕಾದಷ್ಟು ಅನ್ನವಿತ್ತು. ಇನ್ನೊಂದು ಅಗುಳು ತಂದು ಆ ಮಡಿಕೆಯನ್ನೂ ಯಾಕೆ ಅಂಟಿಸಲಿಲ್ಲ ಎಂದು ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಗೊತ್ತಿಲ್ಲ.

ಸೋಮವಾರ ಸಂಜೆ ಅಪ್ಪ ಮಂಡಿಯಿಂದ ಬಂದು ಕಾಲು ತೊಳೆದುಕೊಳ್ಳುತ್ತಾ ನನ್ನನ್ನು ಕರೆದರು. ಖುಷಿಯಾಗಿದ್ದರು. "ಏನಮ್ಮಾ, ಅಷ್ಟು ದೊಡ್ಡ ಕಾಗದದಲ್ಲಿ ಒಂದು ಸಾಲು ಬರೆದು ಮಿಕ್ಕಿದ್ದೆಲ್ಲ ಖಾಲಿ ಬಿಟ್ಟಿದ್ದೀಯಲ್ಲ? ದಂಡ ಅಲ್ವಾ? ನಾನೂ ನಾಲ್ಕು ಮಾತು ಬರೆದು ಹಾಕಿದೆ."

ಇದನ್ನು ಓದುವ ಈಗಿನವರಿಗೆ ಅಪ್ಪ ತಪ್ಪು ಮಾಡಿದರು ಅನ್ನಿಸಬಹುದು. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಒಂದು ಕಾಗದ ಹೊರಟಿತು ಅಂದರೆ ಮನೆಯವರೆಲ್ಲ ಅದರಲ್ಲಿ ಬರೆಯುತ್ತಿದ್ದರು. ಅಣ್ಣ ಒಂದು ಮಡಿಕೆ, ಅಮ್ಮ ಹೇಳಿ ಬರೆಸಿದ್ದು ಇನ್ನೊಂದು ಮಡಿಕೆ, ಅಂಚಿನಲ್ಲಿ ಅಡ್ಡಡ್ಡ ಅತ್ತಿಗೆಯ ನಮಸ್ಕಾರ. ಖಾಲಿ ಜಾಗ ಬಿಟ್ಟು ಕಳಿಸಿದರೆ ಮನೆಯವರಿಗೆ ನಿಮ್ಮ ಮೇಲೆ ಪ್ರೀತಿಯಿಲ್ಲ ಎಂದು ತಿಳಿಯುತ್ತಿದ್ದರು. ಅಂಟಿಸದ ಮಡಿಕೆ ಎಂದರೆ ಬೇರೆಯವರಿಗೆ ಬಿಟ್ಟ ಜಾಗ.

"ಏನು ಬರೆದ್ರಿ ಅಪ್ಪ?" ಎಂದೆ.

"ಎಲ್ಲಾ ಕ್ಷೇಮ ಅಂತ. ಕಾಯಿ ಇಳಿಸ್ತಾ ಇದ್ದೀವಿ ಅಂತ. ಮತ್ತೆ ನೀನು ಬರೆದಿದ್ದೂ ನೋಡಿದೆ. ಅದಕ್ಕೇ ಬರೆದೆ, ಹುಡುಗಿ ಸಂಕೋಚಕ್ಕೆ ಹಾಗೆ ಬರೆದಿದ್ದಾಳೆ, ಅವಳ ಮನಸ್ಸು ಬೇರೆ ಇದೆ, ತಾವು ಕೆಲಸಕ್ಕೆ ಸೇರೋದೇ ನಮಗೆಲ್ಲ ಸಂತೋಷ ಅಂತ." ನನ್ನ ತಲೆ ಮೇಲೆ ಕೈಯಿಟ್ಟರು. "ನಾನು ನೋಡ್ತಾ ಇಲ್ವಾ ನಿನ್ನ ಮುಖ? ಬಂದಾಗಿನಿಂದ ಸರಿಯಾಗಿ ಉಣ್ತಿಲ್ಲ. ನಿನ್ನ ಬಾಯಲ್ಲಿ ಬರದೇ ಇರೋದನ್ನ ನಾನು ಹೇಳದೆ ಇನ್ಯಾರು ಹೇಳ್ಬೇಕು?"

ಅಪ್ಪ ಬರೆದದ್ದು ನಿಜ. ಅದೇ ನನ್ನ ಕಷ್ಟವಾಗಿತ್ತು. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಮಂಗಳವಾರ ಶೆಡ್ಡಿನಲ್ಲಿ ಅತ್ತಿಗೆಗೆ ಹೇಳಿದೆ. ಅವರು ಆರಿಸುತ್ತಿದ್ದ ಕಾಯಿ ಕೆಳಗಿಟ್ಟರು. ಆ ದಿನ ಗೇಲಿ ಮಾಡಲಿಲ್ಲ. "ನೀನು ಬರೆದಿದ್ದು ನಿನ್ನ ಮಾತಾ, ಮಾವ ಬರೆದಿದ್ದು ನಿನ್ನ ಮಾತಾ?" ಎಂದು ಕೇಳಿದರು. ಎರಡೂ ಎಂದೆ. "ಹಂಗೆ ಆಗಲ್ಲಮ್ಮಾ. ಅವರು ಒಂದು ಕಡೆಗೇ ಹೋಗೋಕೆ ಆಗೋದು" ಎಂದರು. ಅವತ್ತೇ ಅಣ್ಣನ ಕೈಯಲ್ಲಿ ಶ್ರೀನಿವಾಸಪುರದಿಂದ ಇನ್ನೊಂದು ಇನ್‌ಲ್ಯಾಂಡ್ ಕಾಗದ ತರಿಸಿ ನನ್ನ ಕೈಗಿಟ್ಟರು. "ಗುರುವಾರದೊಳಗೆ ಡಬ್ಬಿಗೆ ಬಿದ್ರೆ ಶನಿವಾರಕ್ಕೆ ಸಿಗ್ತದೆ. ಅಪ್ಪ ಬರೆದಿದ್ದು ಅಪ್ಪಂದು, ನಾನು ಬರೆದಿದ್ದೇ ನಂದು ಅಂತ ಬರಿ. ಎಲ್ಲಾ ಕಡೇನೂ ಅಂಟಿಸು. ನಾನೇ ತಗೊಂಡು ಹೋಗಿ ಹಾಕ್ತೀನಿ."

ಬುಧವಾರ ಲಾರಿ ಬಂತು. ಇಡೀ ದಿನ ಕಾಯಿ ತುಂಬಿದೆವು. ಕೈಬಿಡುವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಗುರುವಾರ ಕೆಲಸವೇ ಇರಲಿಲ್ಲ. ಬೆಳಿಗ್ಗೆಯಿಂದ ಶೆಡ್ಡಿನಲ್ಲಿ ಒಬ್ಬಳೇ ಕೂತಿದ್ದೆ, ಖಾಲಿ ಕಾಗದ ತೊಡೆಯ ಮೇಲಿತ್ತು. ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಕಾಯಿ ಇಟ್ಟಿದ್ದೆ. ಪೆನ್ನು ಕೈಯಲ್ಲೇ ಇತ್ತು. ಹನ್ನೆರಡರ ಬಸ್ಸಿನ ಹಾರ್ನು ರಸ್ತೆಯ ಕಡೆಯಿಂದ ಕೇಳಿಸಿತು. ಅದು ಹೋಯಿತು. ಮೂರರ ಬಸ್ಸಿಗೆ ಅತ್ತಿಗೆ ಸೀರೆ ಬದಲಾಯಿಸಿಕೊಂಡು ಬಂದು ಬಾಗಿಲಲ್ಲಿ ನಿಂತರು. ನಾನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ನಿಂತು ಹೊರಟುಹೋದರು.

ಬರೆಯಲಿಲ್ಲ. ಯಾರೂ ನನ್ನ ಕೈ ಹಿಡಿದಿರಲಿಲ್ಲ. ಆ ಕಾಗದವನ್ನು ದಂಡ ಮಾಡಬಾರದೆಂದು ಮುಂದಿನ ವಾರ ಅತ್ತಿಗೆ ಅದರಲ್ಲಿ ತಮ್ಮ ಅಮ್ಮನಿಗೆ ಬರೆದರು. ನನ್ನದೂ ಒಂದು ನಮಸ್ಕಾರ ಸೇರಿಸಿದರು.

ಆಷಾಢ ಮುಗಿಯಲು ನಾಲ್ಕು ದಿನ ಇರುವಾಗ ಅಪ್ಪನ ಹೆಸರಿಗೆ ಕಾಗದ ಬಂತು. ಅಪ್ಪ ಜಗಲಿಯ ಮೇಲೆ ಓದಿದರು: ತಮ್ಮ ಸಲಹೆಯಂತೆ ಕೆಲಸಕ್ಕೆ ಸೇರಲು ನಿಶ್ಚಯಿಸಿದ್ದೇನೆ, ಮಾಲೂರಿನಲ್ಲಿ ರೂಮು ನೋಡಿದ್ದೇನೆ, ಚಿರಂಜೀವಿ ಸೌಭಾಗ್ಯವತಿ ಸರೋಜಳಿಗೆ ತಿಳಿಸುವುದು. ಅಪ್ಪ ಕನ್ನಡಕ ತೆಗೆದು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಅಮ್ಮ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದರು. ನನಗೆ ಸಂತೋಷವಾಯಿತು. ಇದನ್ನು ಬರೆಯದೆ ಬಿಟ್ಟರೆ ಇಲ್ಲಿಯವರೆಗೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಬಹಳ ಸಂತೋಷವಾಯಿತು. ಅವತ್ತು ಹೊಟ್ಟೆ ತುಂಬಾ ಉಂಡೆ.

ಶ್ರಾವಣದಲ್ಲಿ ಅವರು ಬಂದು ಕರೆದುಕೊಂಡು ಹೋದರು. ಮಾಲೂರಿನ ರೂಮು ರೈಲು ನಿಲ್ದಾಣಕ್ಕೆ ಹತ್ತಿರ. ಕಿಟಕಿ ತೆಗೆದರೆ ಇಟ್ಟಿಗೆ ಗೂಡಿನ ಹೊಗೆ ಬರುತ್ತಿತ್ತು. ಅವರು ಬೆಳಗಿನ ರೈಲಿಗೆ ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಿದ್ದರು. ಮೊದಲ ದಿನ ಬಂದಾಗ ಅಂಗಿಯ ತೋಳಿನ ಮೇಲೆ ಎಣ್ಣೆಯ ಕಲೆ. ಕೈ ತೊಳೆದು ಊಟಕ್ಕೆ ಕೂತು, ತಟ್ಟೆ ನೋಡುತ್ತಾ ಕೇಳಿದರು. "ಸರೋಜ, ನಿಮ್ಮಪ್ಪ ಬರೆದಿದ್ದು ನಿನ್ನ ಮಾತೇ ಅಲ್ವಾ?"

ಆಗಲೂ ಹೇಳಬಹುದಿತ್ತು. ಹೇಳಿದ್ದರೆ ಏನೂ ಬದಲಾಗುತ್ತಿರಲಿಲ್ಲ, ಮದರಾಸಿನ ಸೀಟು ಬೇರೆಯವರ ಪಾಲಾಗಿತ್ತು. ಆದರೆ ನಾನು ಒಂದು ಸಲ ಅವರ ಕಡೆ ನಿಂತಿದ್ದೆ ಎಂದಾದರೂ ಅವರಿಗೆ ತಿಳಿಯುತ್ತಿತ್ತು.

"ಹೌದು" ಎಂದೆ.

"ಸರಿ ಬಿಡು. ಹಾಗಾದ್ರೆ ನಾನು ತಪ್ಪು ಮಾಡಲಿಲ್ಲ" ಎಂದು ಅನ್ನ ಕಲಸಿಕೊಂಡರು. ಮತ್ತೆ ಯಾವತ್ತೂ ಆ ಮಾತು ತೆಗೆಯಲಿಲ್ಲ. ಆ ಪ್ರೊಫೆಸರಿಗೆ ಎರಡು ಮೂರು ವರ್ಷ ಯುಗಾದಿಗೆ ಕಾಗದ ಬರೆಯುತ್ತಿದ್ದರು, ಆಮೇಲೆ ಅದೂ ನಿಂತಿತು. ಅದೇ ಕಾರ್ಖಾನೆಯಲ್ಲಿ ಕೆಲಸ ಮುಗಿಸಿದರು. ಒಳ್ಳೆಯ ಹೆಸರಿತ್ತು. ನಮಗೆ ಒಬ್ಬಳು ಮಗಳು, ಹುಬ್ಬಳ್ಳಿಯಲ್ಲಿದ್ದಾಳೆ. ನನ್ನನ್ನು ಅವರು ಚೆನ್ನಾಗಿ ನೋಡಿಕೊಂಡರು. ಪ್ರಶ್ನೆ ಕೇಳುವುದು ಮಾತ್ರ ಆ ಮೊದಲ ವರ್ಷವೇ ಕಡಿಮೆಯಾಯಿತು. ರೈಲಿನಲ್ಲಿ ನಿಂತು ಬರುವ ಮನುಷ್ಯನಿಗೆ ಆಯಾಸವಾಗಿರುತ್ತದೆ ಎಂದುಕೊಂಡೆ. ಆಯಾಸವೇ ಇರಬಹುದು.

ನಿನ್ನೆ ಮಧ್ಯಾಹ್ನ ಅತ್ತಿಗೆ ಶೆಡ್ಡಿಗೆ ಬಂದರು. ಅವರಿಗೀಗ ಮಂಡಿ ನೋವು, ಕೋಲೂರಿಕೊಂಡು ಬರುತ್ತಾರೆ. ಪಕ್ಕದಲ್ಲಿ ಕೂತು, ಕೈ ಸುಮ್ಮನಿರದೆ ಕಾಯಿ ಆರಿಸತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ, "ಅಷ್ಟು ದೊಡ್ಡ ಮನೇಲಿ ಒಬ್ಬಳೇ ಹೆಂಗಿರ್ತೀಯಮ್ಮಾ? ಕಷ್ಟ ಆಗಲ್ವಾ? ಇಲ್ಲೇ ಇದ್ದುಬಿಡು" ಎಂದರು.

"ಮೊದಲು ಒಂದು ತಿಂಗಳು ಕಷ್ಟ ಅತ್ತಿಗೆ" ಎಂದೆ. "ಆಮೇಲೆ ಇರೋದು ಹೆಂಗೆ ಅಂತ ತಾನೇ ಗೊತ್ತಾಗತ್ತೆ."

ಅವರು ತಲೆಯಾಡಿಸಿದರು. ನಾನು ಸುಮ್ಮನೆ ಹೇಳಿದ ಮಾತಲ್ಲ ಅದು. ಐದು ತಿಂಗಳಿಂದ ನೋಡಿದ್ದೇನೆ, ಅಷ್ಟೇ ಬೇಕಾಗುವುದು, ಒಂದು ತಿಂಗಳು. ಹತ್ತೊಂಬತ್ತು ವರ್ಷದವಳಿಗೂ ಅಷ್ಟೇ ಸಾಕಾಗುತ್ತಿತ್ತು. ಆ ಗುರುವಾರ ಇಲ್ಲಿ ಖಾಲಿ ಕಾಗದ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ, ಅವರಿಲ್ಲದ ಆ ಒಂದು ತಿಂಗಳಲ್ಲಿ ಮುಕ್ಕಾಲು ಪಾಲು ಮುಗಿದೇ ಹೋಗಿತ್ತು.